ಕಲ್ಲಾದ ಲದ್ದಿಯೊಳಗೆ ಸಿಕ್ಕ ಹುಳ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯಾಗಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತು ಆಡಿ ಎಂದು ಹೇಳಿದ್ದರು. ನಾನು ಹುಳದ ಬಗ್ಗೆ ಮಾತಾಡುತ್ತೇನೆ. ಸಾಫ್ಟ್‌ವೇರ್ ನಡುವೆ ತಾನಾಗಿ ಬರುತ್ತದೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ವಿಜ್ಞಾನದ ಮೇಷ್ಟ್ರು, ಯಾವುದಾದರೂ ಒಂದು ಕೀಟ ತಂದು ಅದರ ವರ್ಣನೆ ಬರೆಯಿರಿ ಎಂದಿದ್ದರು. ನಮ್ಮ ಕೊಟ್ಟಿಗೆಯ ಹಿಂದೆ ಸಿಕ್ಕ ಸಗಣಿಹುಳವನ್ನು ಬೆಂಕಿಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದೆ. ಆರು ಕಾಲು, ಎರಡು ಮೀಸೆ, ದೇಹದಲ್ಲಿ ಮೂರು ಭಾಗ ಎಂದು ಪುಸ್ತಕದಲ್ಲಿದ್ದುದನ್ನು ಬರೆದುಕೊಟ್ಟೆ. ಮೇಷ್ಟ್ರು ಓದಿ, "ಇದರ ಮುಂಗಾಲಿನ ಅಂಚಿನಲ್ಲಿ ಎಷ್ಟು ಹಲ್ಲಿವೆಯೋ?" ಅಂದರು. ನನಗೆ ಗೊತ್ತಿರಲಿಲ್ಲ. ಪೆಟ್ಟಿಗೆ ತೆರೆದೇ ಇರಲಿಲ್ಲ. "ಹಾಗಾದರೆ ನೀನು ಬರೆದದ್ದು ಈ ಹುಳದ ವರ್ಣನೆ ಅಲ್ಲಪ್ಪ" ಎಂದು ಪುಸ್ತಕ ವಾಪಸ್ ಕೊಟ್ಟರು. ಆ ದಿನ ನನಗೆ ಅವಮಾನವಾಗಿತ್ತು, ಸುಳ್ಳೇಕೆ ಹೇಳಲಿ.

ಇನ್ನು ಪೋಲೆಂಡ್ ದೇಶಕ್ಕೆ ಹೋಗೋಣ. ಅದರ ದಕ್ಷಿಣ ಭಾಗದಲ್ಲಿ ಕ್ರಾಶೆಯೂಫ್ ಎಂಬ ಹಳ್ಳಿ ಇದೆ. ಅಲ್ಲಿ ಸಿಮೆಂಟ್ ಕಾರ್ಖಾನೆಗಾಗಿ ಜೇಡಿಮಣ್ಣು ತೆಗೆಯುತ್ತಿದ್ದ ದೊಡ್ಡ ಗುಂಡಿಯಲ್ಲಿ, ಸುಮಾರು 23 ಕೋಟಿ ವರ್ಷ ಹಿಂದಿನ ಪ್ರಾಣಿಗಳ ಮೂಳೆಗಳು ಸಿಕ್ಕಿವೆ. ಮೂಳೆಯ ಜೊತೆಗೆ ಲದ್ದಿಯೂ ಸಿಕ್ಕಿದೆ. ನಗಬೇಡಿ. ಲದ್ದಿ ಕಲ್ಲಾಗಿ ಉಳಿದರೆ ಅದನ್ನು ಕಾಪ್ರೊಲೈಟ್ ಅನ್ನುತ್ತಾರೆ. ಅದಕ್ಕೆ ಮ್ಯೂಸಿಯಮ್ಮಿನಲ್ಲಿ ಮೂಳೆಗೆ ಇರುವಷ್ಟೇ ಮರ್ಯಾದೆ.

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಮಾರ್ಟಿನ್ ಕ್ವಾರ್ನ್‌ಸ್ಟ್ರೋಮ್ ಮತ್ತು ಸಂಗಡಿಗರು ಅಲ್ಲಿನ ಲದ್ದಿಗಲ್ಲುಗಳನ್ನು ಒಡೆಯಲಿಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಸಿಂಕ್ರೊಟ್ರಾನ್‌ಗೆ ಒಯ್ದರು. ಆಸ್ಪತ್ರೆಯ ಸಿಟಿ ಸ್ಕ್ಯಾನ್ ನೋಡಿದ್ದೀರಲ್ಲ, ಇದು ಅದೇ ತತ್ವ. ಆದರೆ ಎಕ್ಸ್‌-ರೇ ಬಲು ತೀಕ್ಷ್ಣ, ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು ಸಣ್ಣ ಗೆರೆಯೂ ಕಾಣುತ್ತದೆ. ಲದ್ದಿಗಳಲ್ಲಿ ಜೀರುಂಡೆಗಳ ಚೂರುಗಳಿವೆ ಎಂದು 2019ರಲ್ಲಿ ವರದಿ ಮಾಡಿದರು. (ಜೀರುಂಡೆ ಎಂದರೆ ಮರದ ಮೇಲೆ ಕಿರ್ರೆನ್ನುವ ಹುಳ ಅಲ್ಲ. ಬೆನ್ನ ಮೇಲೆ ಗಟ್ಟಿ ರೆಕ್ಕೆಯ ಮುಚ್ಚಳ ಇರುವ ಹುಳ, ನನ್ನ ಸಗಣಿಹುಳದ ಬಳಗ. ಎರಡಕ್ಕೂ ಒಂದೇ ಹೆಸರಿಟ್ಟು ನಮ್ಮ ಭಾಷೆ ಕಷ್ಟ ಕೊಡುತ್ತದೆ.)

ಒಂದು ಲದ್ದಿಯಲ್ಲಂತೂ ತಲೆ, ಎದೆ, ಕಾಲುಗಳ ರಾಶಿಯೇ ಇತ್ತು. ಬಹುಪಾಲು ಒಂದೇ ಬಗೆಯ ಹುಳದವು. ಕೆಲವು ಹುಳಗಳು ಮೀಸೆ, ಕಾಲು ಸಮೇತ ಹೆಚ್ಚುಕಡಿಮೆ ಇಡಿಯಾಗಿ ಉಳಿದಿದ್ದವು. ಉದ್ದ ಸುಮಾರು ಒಂದೂವರೆ ಮಿಲಿಮೀಟರ್. ನಮ್ಮ ರಾಗಿ ಕಾಳಿನಷ್ಟು. ಅಷ್ಟು ಚಿಕ್ಕದಾಗಿದ್ದರಿಂದಲೇ ತಿಂದ ಪ್ರಾಣಿಯ ಬಾಯಿಂದಲೂ ಹೊಟ್ಟೆಯಿಂದಲೂ ಪಾರಾಗಿರಬೇಕು. ಲದ್ದಿಯಲ್ಲಿದ್ದ ಕ್ಯಾಲ್ಸಿಯಂ ಫಾಸ್ಫೇಟ್ ಬೇಗ ಗಟ್ಟಿಯಾಗಿ ಅವನ್ನು ಹಿಡಿದಿಟ್ಟಿತು. ಹಳೆಯ ಕೀಟ ಎಂದರೆ ಎಲ್ಲರಿಗೂ ನೆನಪಾಗುವುದು ಮರದ ಅಂಟಿನಲ್ಲಿ, ಅಂದರೆ ಆಂಬರಿನಲ್ಲಿ ಸಿಕ್ಕಿದ ಕೀಟ. ಆದರೆ ಹಾಗೆ ಚೆನ್ನಾಗಿ ಉಳಿದ ಕೀಟಗಳು ಬಹುತೇಕ 14 ಕೋಟಿ ವರ್ಷದಿಂದ ಈಚಿನವು. ಅದಕ್ಕೂ ಹಿಂದಿನವು ಸಾಮಾನ್ಯವಾಗಿ ಕಲ್ಲಿನ ಪದರದಲ್ಲಿ ಅಪ್ಪಚ್ಚಿಯಾಗಿರುತ್ತವೆ.

ಇಲ್ಲಿಂದ ಮುಂದೆ ನನ್ನ ಮೇಷ್ಟ್ರ ಕೆಲಸ. ಹೊಸ ಪ್ರಭೇದ ಎಂದು ಹೇಳಬೇಕಾದರೆ "ವಿಚಿತ್ರವಾಗಿದೆ" ಎಂದರೆ ಸಾಲದು. ಮೀಸೆಯಲ್ಲಿ ಎಷ್ಟು ಗಂಟು, ಎದೆಯ ಕೆಳಭಾಗದಲ್ಲಿ ಹೊಲಿಗೆಯಂತಹ ಗೆರೆ ಎಲ್ಲಿ ಹಾದಿದೆ, ಹೊಟ್ಟೆಯಲ್ಲಿ ಎಷ್ಟು ಮಡಿಕೆ, ಎಲ್ಲವನ್ನೂ ಬರೆಯಬೇಕು. ಗೊತ್ತಿರುವ ಗುಂಪುಗಳ ಜೊತೆ ಹೋಲಿಸಬೇಕು. ಇಂಥದ್ದೇ ಮಾದರಿ ಎಂದು ಒಂದು ಹುಳವನ್ನು ಗುರುತಿಸಬೇಕು. ನಾಳೆ ಯಾರಿಗಾದರೂ ಅನುಮಾನ ಬಂದರೆ ಅದನ್ನೇ ನೋಡಿ ತಕರಾರು ತೆಗೆಯಬಹುದು. ಜೀರುಂಡೆ ತಜ್ಞ ಮಾರ್ಟಿನ್ ಫಿಕಾಚೆಕ್ ಮತ್ತಿತರರು ಸೇರಿ ಈ ಕೆಲಸ ಮುಗಿಸಿ, 2021ರಲ್ಲಿ 'ಕರೆಂಟ್ ಬಯಾಲಜಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಸರು ಟ್ರಯಾಮಿಕ್ಸಾ ಕಾಪ್ರೊಲಿಥಿಕಾ. 'ಟ್ರಯಾ' ಅದರ ಕಾಲವಾದ ಟ್ರಯಾಸಿಕ್‌ನಿಂದ, 'ಮಿಕ್ಸಾ' ಅದರ ಉಪಗಣವಾದ ಮಿಕ್ಸೊಫಾಗಾದಿಂದ, ಉಳಿದದ್ದು ಲದ್ದಿಯಿಂದ. ಯಾವ ಕುಟುಂಬಕ್ಕೂ ಸೇರದೆ ಅದಕ್ಕೇ ಒಂದು ಹೊಸ ಕುಟುಂಬ ಮಾಡಬೇಕಾಯಿತು. ಇಂದಿನ ಮಿಕ್ಸೊಫಾಗಾ ಹುಳಗಳು ಒದ್ದೆ ಜಾಗದಲ್ಲಿ ಪಾಚಿ ತಿಂದು ಬದುಕುತ್ತವೆ, ಇದೂ ಹಾಗೆಯೇ ಬದುಕಿದ್ದಿರಬಹುದು. ತಿಂದದ್ದು ಯಾರು? ಸೈಲೆಸಾರಸ್ ಎಂಬ, ಡೈನೋಸಾರ್‌ಗಳ ಹತ್ತಿರದ ನಂಟ. ಆದರೆ ಲೇಖನದ ತಲೆಬರಹದಲ್ಲೇ 'ಎಂದು ಭಾವಿಸಲಾದ' ಎಂಬ ಅರ್ಥದ ಮಾತು ಸೇರಿಸಿದ್ದಾರೆ. ಹುಳದ ಬಗ್ಗೆ ಅಷ್ಟು ಖಚಿತವಾಗಿ ಬರೆದವರು ಲದ್ದಿಯ ಯಜಮಾನನ ಬಗ್ಗೆ ಎಷ್ಟು ಹುಷಾರಾಗಿದ್ದಾರೆ ನೋಡಿ. ನನಗೆ ಬಹಳ ಇಷ್ಟವಾದದ್ದು ಇದೇ.

ನಮ್ಮ ದೇಶದಲ್ಲೂ ಇಂಥ ಲದ್ದಿ ಇದೆ. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಲದ್ದಿಗಲ್ಲುಗಳಲ್ಲಿ ಹುಲ್ಲಿನ ಸೂಕ್ಷ್ಮ ಕಣಗಳಿದ್ದವು ಎಂದು ವಂದನಾ ಪ್ರಸಾದ್ ಮತ್ತಿತರರು 2005ರಲ್ಲಿ ತೋರಿಸಿದರು. ಡೈನೋಸಾರ್‌ಗಳ ಕಾಲದಲ್ಲೇ ಹುಲ್ಲು ಇತ್ತು ಎಂದು ಗೊತ್ತಾದದ್ದು ಹೀಗೆ.

ಈ ಲೇಖನ ನನ್ನ ಕೈಗೆ ಬಂದದ್ದು ಕೆಲಸದ ದೆಸೆಯಿಂದ. ನಾನು ಸ್ಕ್ಯಾನ್ ಚಿತ್ರಗಳನ್ನು ಸ್ವಚ್ಛಗೊಳಿಸುವ ಪ್ರೋಗ್ರಾಂ ಬರೆಯುತ್ತೇನೆ. ಕೆಲವು ವರ್ಷದ ಹಿಂದೆ, ಇಷ್ಟಕ್ಕಿಂತ ಚಿಕ್ಕ ಚುಕ್ಕೆಗಳೆಲ್ಲ ಕಸ, ಅಳಿಸಿಬಿಡು ಎಂದು ಒಂದು ಸಾಲು ಬರೆದೆ. ಚಿತ್ರಗಳು ಕನ್ನಡಿಯಂತಾದವು, ಎಲ್ಲರೂ ಮೆಚ್ಚಿದರು. ಪರೀಕ್ಷೆಯ ಹಂತದಲ್ಲಿ ವೈದ್ಯೆಯೊಬ್ಬರು ಮೂಲ ಚಿತ್ರವನ್ನು ಪಕ್ಕದಲ್ಲಿಟ್ಟು, "ಮಣಿಕಟ್ಟಿನಲ್ಲಿ ಮುರಿದ ಮೂಳೆಯ ಚೂರು ಎಲ್ಲಿ ಹೋಯಿತು?" ಎಂದು ಕೇಳಿದರು. ನಾನೇ ಅಳಿಸಿದ್ದೆ. ರೋಗಿಗಳ ತನಕ ಹೋಗಿರಲಿಲ್ಲ, ಪುಣ್ಯ. ನಾನು ಪ್ರೋಗ್ರಾಂ ನೋಡಿದ್ದೆ, ಅಂಕಿ ನೋಡಿದ್ದೆ, ಆ ಮಣಿಕಟ್ಟನ್ನು ನೋಡಿರಲಿಲ್ಲ. ಮತ್ತೆ ಬೆಂಕಿಪೆಟ್ಟಿಗೆ ತೆರೆದಿರಲಿಲ್ಲ. ಆ ವಾರವೇ ಇದೇ ಬಗೆಯ ಸ್ಕ್ಯಾನ್‌ಗಳ ಬಗ್ಗೆ ಹುಡುಕುವಾಗ ಟ್ರಯಾಮಿಕ್ಸಾ ಕಣ್ಣಿಗೆ ಬಿತ್ತು. ನನ್ನ ಆ ಒಂದು ಸಾಲು ಅವರ ಕಂಪ್ಯೂಟರಿನಲ್ಲಿ ಇದ್ದಿದ್ದರೆ ಆ ಮೀಸೆ, ಆ ಕಾಲುಗಳ ಗತಿ ಏನಾಗುತ್ತಿತ್ತೋ ಎಂದು ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸಾರ್, ಆ ವರ್ಣನೆಯನ್ನು ನಾನು ಮತ್ತೆ ಬರೆದು ಕೊಡಲೇ ಇಲ್ಲ, ನಿಮಗೆ ನೆನಪಿದೆಯೋ ಇಲ್ಲವೋ.

ಟ್ರಯಾಮಿಕ್ಸಾದ ದೊಡ್ಡ ಚಿತ್ರವೊಂದನ್ನು ಮುದ್ರಿಸಿ ತಂದಿದ್ದೇನೆ. ಪ್ರಯೋಗಾಲಯದ ಗೋಡೆಗೆ ಹಾಕಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಮಕ್ಕಳೇ, ಊಟವಾದ ಮೇಲೆ ಹೋಗಿ ಅದರ ಮೀಸೆಯ ಗಂಟುಗಳನ್ನು ಎಣಿಸಿ ಬನ್ನಿ. ಸಂಜೆ ಬಸ್ಸಿನ ತನಕ ನಾನು ಇಲ್ಲೇ ಇರುತ್ತೇನೆ.