ಕೊನೆಯ ದಿನ ಕಳೆದ ಹುದ್ದೆಯ ಸುದ್ದಿಯನ್ನು ಏನು ಮಾಡೋಣ?

(ಉದ್ಯೋಗ ಮಾಹಿತಿ ಸೈಟ್ ಮತ್ತು ಗುಂಪು ನಡೆಸುವ ಗಡಿನಾಡಿನ ಗೆಳೆಯರ ಮುಂದೆ ಆಡಿದ ಮಾತುಗಳ ಬರಹರೂಪ)



ಹೊಸ ಹುದ್ದೆಯ ಸುದ್ದಿ ಹಾಕೋದು ನಮಗೆಲ್ಲ ಗೊತ್ತಿರುವ ಕೆಲಸ. ಇವತ್ತು ಮಾತಾಡ್ತಿರೋದು ಅವಧಿ ಮುಗಿದ ಸುದ್ದಿಯ ಬಗ್ಗೆ.

ಕಾಸರಗೋಡನ್ನೇ ತಗೊಳ್ಳೋಣ. ಅಲ್ಲಿ ಕನ್ನಡ ಮಾಧ್ಯಮದ ಎಲ್‌ಪಿ ಶಾಲಾ ಶಿಕ್ಷಕ ಹುದ್ದೆಗೆ ಕೇರಳ ಪಿಎಸ್‌ಸಿ ಪ್ರಕಟಣೆ ಹೊರಡಿಸುತ್ತೆ. ಇಂಥ ಅವಕಾಶ ದಿನಾ ಬರೋದಿಲ್ಲ. ಹಳೆಯ ಸುದ್ದಿ ಹೊಸದರಂತೆ ತಿರುಗಾಡಿದರೆ, ಕೂಲಿ ಬಿಟ್ಟು ಅಕ್ಷಯ ಕೇಂದ್ರಕ್ಕೆ ಹೋದ ಹುಡುಗಿ ಬರಿಗೈಲಿ ವಾಪಸ್ ಬರಬೇಕು. ಒಂದು ದಿನದ ಕೂಲಿ ಹೋದದ್ದು ಒಂದು ಕಡೆ. ಮುಂದಿನ ಸಲ ನಿಜವಾದ ಸುದ್ದಿ ಬಂದಾಗ ಅವಳು ನಂಬೋದೇ ಇಲ್ಲ. ದೊಡ್ಡ ನಷ್ಟ ಅದು.

ಹಾಗಂತ ಮುಗಿದದ್ದನ್ನೆಲ್ಲ ಅಳಿಸಿಬಿಡೋಣವೇ? ಬೇಡ. ಅರ್ಜಿ ಹಾಕುವ ದಿನ ಮುಗಿಯಿತು ಅಂದರೆ ನೇಮಕಾತಿ ಮುಗಿಯಿತು ಅಂತ ಅಲ್ಲ. ಆಮೇಲೆ ಪರೀಕ್ಷೆ ಇದೆ, ರ‍್ಯಾಂಕ್ ಲಿಸ್ಟ್ ಇದೆ. ಕೇರಳ ಪಿಎಸ್‌ಸಿಯ ರ‍್ಯಾಂಕ್ ಲಿಸ್ಟ್ ಸಾಮಾನ್ಯವಾಗಿ ಕನಿಷ್ಠ 1 ವರ್ಷ, ಹೆಚ್ಚೆಂದರೆ 3 ವರ್ಷ ಜಾರಿಯಲ್ಲಿರುತ್ತೆ. ಅರ್ಜಿ ಹಾಕಿದವರು ಅಷ್ಟು ಕಾಲವೂ ಕೆಟಗರಿ ನಂಬರ್ ಹುಡುಕಿಕೊಂಡು ಬರ್ತಾರೆ. ಅರ್ಜಿ ಹಾಕದವರಿಗೂ ಅದು ಬೇಕು. ಕೆ-ಟೆಟ್ ಪಾಸಾಗಿರಬೇಕು ಅನ್ನೋದು ಹಳೆಯ ಪ್ರಕಟಣೆ ಓದಿದವರಿಗೆ ಮುಂಚೆಯೇ ತಿಳಿಯುತ್ತೆ, ಮುಂದಿನ ಸಲಕ್ಕೆ ತಯಾರಾಗ್ತಾರೆ.

ಆದ್ದರಿಂದ ಸುದ್ದಿ ಇರಲಿ, ಆದರೆ ಅದರ ಸ್ಥಿತಿ ಮೊದಲ ಸಾಲಲ್ಲೇ ಕಾಣಲಿ. ‘ಅರ್ಜಿ ಹಾಕಬಹುದು’, ‘ಅರ್ಜಿ ಮುಗಿದಿದೆ, ಪರೀಕ್ಷೆ ಬಾಕಿ’, ‘ರ‍್ಯಾಂಕ್ ಲಿಸ್ಟ್ ಜಾರಿಯಲ್ಲಿದೆ’, ‘ಪೂರ್ತಿ ಮುಗಿದಿದೆ’: ಈ ನಾಲ್ಕು ಪಟ್ಟಿ ಸಾಕು. ಅರ್ಜಿ ಮುಗಿದ ದಿನವೇ ‘ಅರ್ಜಿ ಸಲ್ಲಿಸಿ’ ಬಟನ್ ತೆಗೆಯಬೇಕು. ಆದರೆ ತೆಗೆಯೋ ಮೊದಲು ಅಧಿಕೃತ ಸೈಟ್ ನೋಡಿ, ಕೊನೆಯ ದಿನ ಮುಂದಕ್ಕೆ ಹೋಗಿರಬಹುದು. ಕೆಲವು ಕಡೆ ಅರ್ಜಿಗೆ ಒಂದು ದಿನ, ಶುಲ್ಕ ಕಟ್ಟೋಕೆ ಇನ್ನೊಂದು ದಿನ ಇರುತ್ತೆ. ಎರಡನ್ನೂ ಬರೆಯಿರಿ.

ಸೈಟ್ ಕಟ್ಟಿರುವವರಿಗೆ ಒಂದು ಮಾತು. ಗೂಗಲ್‌ನ ಉದ್ಯೋಗ ಹುಡುಕಾಟದಲ್ಲಿ ನಮ್ಮ ಪುಟ ಬರಲಿ ಅಂತ ‘ಜಾಬ್‌ಪೋಸ್ಟಿಂಗ್’ ಮಾಹಿತಿ ಸೇರಿಸಿರ್ತೇವೆ. ಅವಧಿ ಮುಗಿದಾಗ ಗೂಗಲ್ ಮೂರು ದಾರಿ ಕೊಡುತ್ತೆ: ‘ವ್ಯಾಲಿಡ್‌ಥ್ರೂ’ ಜಾಗದಲ್ಲಿ ಕಳೆದುಹೋದ ದಿನಾಂಕ ಇರಬೇಕು, ಇಲ್ಲವೇ ಆ ಮಾಹಿತಿಯನ್ನು ಪುಟದಿಂದ ತೆಗೆಯಬೇಕು, ಇಲ್ಲವೇ ಪುಟವನ್ನೇ ತೆಗೆದು 404 ಅಥವಾ 410 ಉತ್ತರ ಕೊಡಬೇಕು. ನಮ್ಮ ಕೆಲಸಕ್ಕೆ ಮೊದಲ ಎರಡು ಹೊಂದುತ್ತವೆ, ಪುಟ ಓದೋರಿಗೆ ಉಳಿಯುತ್ತೆ. ಸುದ್ದಿ ಹಾಕುವಾಗಲೇ ‘ವ್ಯಾಲಿಡ್‌ಥ್ರೂ’ ತುಂಬಿಬಿಟ್ಟರೆ ಆಮೇಲೆ ನೆನಪಿಟ್ಟುಕೊಳ್ಳುವ ತಾಪತ್ರಯವೂ ಇಲ್ಲ.

ವಾಟ್ಸಾಪ್ ಕತೆ ಬೇರೆ. ಒಮ್ಮೆ ಹೋದ ಚಿತ್ರ ನಮ್ಮ ಕೈಗೆ ವಾಪಸ್ ಸಿಗೋದಿಲ್ಲ. ಅದಕ್ಕೇ ಕೊನೆಯ ದಿನವನ್ನು ವರ್ಷದ ಸಮೇತ ಚಿತ್ರದ ಒಳಗೇ ದಪ್ಪಕ್ಷರದಲ್ಲಿ ಹಾಕಿ. ‘ಇದೇ 20ಕ್ಕೆ ಕೊನೆ’ ಅಂತ ಬರೆದರೆ ಯಾವ ತಿಂಗಳ 20 ಅಂತ ಯಾರಿಗೆ ಗೊತ್ತಾಗುತ್ತೆ? ಕೇರಳ ಪಿಎಸ್‌ಸಿ ಕೆಟಗರಿ ನಂಬರಿನ ಕೊನೆಯಲ್ಲಿ ವರ್ಷ ಇರುತ್ತೆ. ಅದೊಂದನ್ನು ನೋಡೋಕೆ ಕಲಿಸಿದರೆ ಅರ್ಧ ಗೊಂದಲ ಕಡಿಮೆ.

ಹಳೆಯ ಪ್ರಕಟಣೆ ಹಿಡಿದು ದುಡ್ಡು ಕೇಳುವವರೂ ಇದ್ದಾರೆ. ಕೇರಳ ಪಿಎಸ್‌ಸಿ ಅರ್ಜಿಗೆ ಶುಲ್ಕವೇ ಇಲ್ಲ. ಅಕ್ಷಯ ಕೇಂದ್ರದವರು ತಮ್ಮ ಸೇವೆಗೆ ತಗೊಳ್ಳೋದು ಬೇರೆ ಮಾತು. ಇದನ್ನು ಪ್ರತಿ ಸುದ್ದಿಯ ಕೆಳಗೂ ಬರೆಯೋಣ.

ತಾಳವಾಡಿಯವರಿಗೆ ಟಿಎನ್‌ಪಿಎಸ್‌ಸಿ, ಜತ್ತ-ಅಕ್ಕಲಕೋಟೆಯವರಿಗೆ ಎಂಪಿಎಸ್‌ಸಿ. ನಿಯಮ ಬೇರೆ ಬೇರೆ, ಭಾಷೆ ಬೇರೆ ಬೇರೆ. ಮಲಯಾಳದಲ್ಲೋ ಮರಾಠಿಯಲ್ಲೋ ಬಂದ ಪ್ರಕಟಣೆಯನ್ನು ಕನ್ನಡದಲ್ಲಿ ತಿಳಿಸುವವರು ನಾವು. ಓದೋರು ನಮ್ಮ ಮಾತನ್ನೇ ನಂಬಿ ಬಸ್ ಹತ್ತುತ್ತಾರೆ. ಹಾಗಾಗಿ ಪ್ರತಿ ತಾಲೂಕಿಗೆ ಒಬ್ಬರು ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಹಳೆಯ ಸುದ್ದಿಗಳ ಸ್ಥಿತಿ ಬದಲಿಸಲಿ. ಯಾರು ಯಾವ ತಾಲೂಕು ಅಂತ ಇವತ್ತೇ ಹೆಸರು ಬರೆದುಕೊಂಡು ಹೋಗೋಣ.