ಮುರಿದದ್ದು ಯಾವ ಎಳೆತದಲ್ಲಿ?



ಆಶಯ ಭಾಷಣಕ್ಕೆ ನನ್ನನ್ನು ಕರೆದುದು ವಯಸ್ಸಿಗೆ ಸಂದ ಮರ್ಯಾದೆಯೇ ಹೊರತು ವಿದ್ವತ್ತಿಗಲ್ಲವೆಂದು ಬಲ್ಲೆನು. ಉಕ್ಕಿನ ದಣಿವನ್ನು ಕುರಿತು ಮುಂದಿನ ಸಾಲಿನ ಲೋಹಶಾಸ್ತ್ರಜ್ಞರೂ, ಘರ್ಷಣೆಯನ್ನು ಕುರಿತು ಅವರ ಪಕ್ಕದ ಸೋದರಿಯವರೂ ಬರೆದಿರುವುದನ್ನು ನೀವೆಲ್ಲರೂ ಓದಿರುವಿರಾದುದರಿಂದ, ಬಹುಕಾಲದಿಂದ ನನ್ನನ್ನು ಬಿಡದ ಒಂದೇ ಪ್ರಶ್ನೆಯನ್ನು ಇಲ್ಲಿ ಇಡುವೆನು.

ಅಮೆರಿಕದ ಓಹಾಯೊ ಸಂಸ್ಥಾನದ ಬೌಲಿಂಗ್ ಗ್ರೀನ್‌ನಲ್ಲಿ 1967ರಲ್ಲಿ ಆರಂಭವಾದ ಎಳೆತದ ಪಂದ್ಯದಲ್ಲಿ ಟ್ರಾಕ್ಟರುಗಳೂ ಟ್ರಕ್ಕುಗಳೂ ಸ್ಲೆಡ್ಡೊಂದನ್ನು 300 ಅಡಿ ಎಳೆಯಬೇಕು. ಸ್ಲೆಡ್ಡು ಸರಿದಂತೆಲ್ಲ ಅದರ ಮೇಲಿನ ತೂಕದ ಪೆಟ್ಟಿಗೆಯು ಮುಂದಕ್ಕೆ ತೆವಳಿ, ಗಾಲಿಗಳ ಮೇಲಿದ್ದ ಭಾರವನ್ನು ನೆಲವನ್ನುಜ್ಜುವ ತಟ್ಟೆಯ ಮೇಲೆ ಹೇರುತ್ತ ಹೋಗುವುದರಿಂದ, ಹೊರಡುವಾಗ ಹಗುರವೆನಿಸಿದುದು ಕೊನೆಯಲ್ಲಿ ಜಗ್ಗದಂತಾಗುವುದು. ಸರಪಣಿ ಬಿಗಿಯಾದ ಮೇಲೆಯೇ ಹೊರಡಬೇಕು, ಹಠಾತ್ತನೆ ಜಗ್ಗಕೂಡದೆಂಬುದು ನಿಯಮ. ಹೊರಗಿನ ಸಡಿಲಕ್ಕೆ ನಿಯಮವುಂಟು. ಒಳಗೆ ಗೇರಿನ ಹಲ್ಲುಹಲ್ಲುಗಳ ನಡುವಣ ಸಡಿಲಕ್ಕೆ ಕ್ಲಚ್ಚಿನ ಪೆಡಲನ್ನೊತ್ತುವ ಚಾಲಕನ ಎಡಗಾಲಿನ ವಿವೇಕವೊಂದೇ ಗತಿ.

ಮುರಿತದ ಕಾರಣವನ್ನರಸುವ ನಮ್ಮ ಶಾಸ್ತ್ರವು ದಾರಿ ತಪ್ಪಿದುದು ಇಲ್ಲಿಯೇ. ಆಕ್ಸಲ್ ಮುರಿಯಿತೆಂದು ದಪ್ಪನೆಯದನ್ನು ಹಾಕಿದೆವು, ಜಾಯಿಂಟ್ ಹೋಯಿತು. ಜಾಯಿಂಟನ್ನು ಬಲಪಡಿಸಿದೆವು, ಗೇರ್‌ಬಾಕ್ಸ್ ಒಡೆಯಿತು. ಬಲವೆಷ್ಟೆಂದು ಲೆಕ್ಕ ಹಾಕಿದ ನಾವು ಅದು ಬಂದಿಳಿದ ಬಗೆಯನ್ನು ಕೇಳಲಿಲ್ಲ. ರಭಸದಿಂದ ತಿರುಗುವ ಫ್ಲೈವೀಲಿನ ಸಂವೇಗವು, ಪೆಡಲನ್ನು ಥಟ್ಟನೆ ಬಿಟ್ಟಾಗ, ಎಂಜಿನ್ನಿನ ಸ್ವಂತ ಶಕ್ತಿಯನ್ನೂ ಮೀರಿ ಶಾಫ್ಟನ್ನು ತಿರುಚಬಲ್ಲದು. ಹಾಫ್ ಕ್ಲಚ್ಚಿನಲ್ಲಿ ಬಹಳ ಹೊತ್ತು ಜಾರಗೊಟ್ಟರೆ ಪ್ಲೇಟುಗಳು ಕಾದು ಡೊಂಕಾಗುವುವು. ಪಂದ್ಯದ ಕ್ಲಚ್ಚನ್ನು ಅದುಮುವ ತೂಕದ ತುಂಡುಗಳ ಕೇಂದ್ರಾಪಗಾಮಿ ಬಲವೋ ವೇಗದ ವರ್ಗವನ್ನನುಸರಿಸುವುದರಿಂದ, ಎಂಜಿನ್ ಅರ್ಧ ವೇಗಕ್ಕಿಳಿದರೆ ಆ ಬಲವು ಕಾಲುಭಾಗಕ್ಕೆ ಕುಸಿದು, ಭಾರ ಅತ್ಯಧಿಕವಾಗಿರುವ ಘಳಿಗೆಯಲ್ಲಿಯೇ ಹಿಡಿತ ಸಡಿಲುವುದು.

ಆ ಪಂದ್ಯದ ವೃದ್ಧ ಸ್ಪರ್ಧಿಯೊಬ್ಬರು ನನಗಿತ್ತ ಆಕ್ಸಲಿನ ತುಂಡು ಇದೋ ಮೇಜಿನ ಮೇಲಿದೆ. ಓಟದ ನಡುವೆ ಮುಂದಿನ ಚಕ್ರ ಕುಪ್ಪಳಿಸಿ ಮತ್ತೆ ಜೇಡಿಮಣ್ಣನ್ನು ಕಚ್ಚಿದಾಗ ಮುರಿಯಿತೆಂದೂ, ಕ್ಲಚ್ಚಿನ ದೋಷವೇನೂ ಇಲ್ಲವೆಂದೂ ಅವರು ಸಾಧಿಸಿದರು. ಆದರೆ ನೆಟ್ಟಗಿರಬೇಕಾಗಿದ್ದ ಇದರ ಸ್ಪ್ಲೈನಿನ ಹಲ್ಲುಗಳು ಸ್ಕ್ರೂವಿನಂತೆ ಸುತ್ತಿಕೊಂಡಿರುವುವು. ಬೀಳ್ಕೊಡುವಾಗ ಅವರೇ, ಮಾತಿಗೆ ಮಾತು ಬಂದು, ಮುರಿಯುವ ಹಿಂದಿನ ವಾರ ಇದನ್ನು ಹೊರತೆಗೆಯಲು ಸುತ್ತಿಗೆಯಿಂದ ಬಡಿಯಬೇಕಾಯಿತೆಂದರು. ಅಂದರೆ ಹಲ್ಲುಗಳು ಸಿಕ್ಕಿಕೊಳ್ಳುವಷ್ಟು ತಿರುಚು ಆಗಲೇ ಇದ್ದಿತು! ಹಾಗಾದರೆ ಇದನ್ನು ಮುರಿದುದು ಚಕ್ರದ ಆ ಕುಪ್ಪಳವೋ, ಎಂದೋ ಪೆಡಲಿನಿಂದ ಜಾರಿದ ಕಾಲೋ?

ಇದನ್ನು ತಿಳಿಯಲು ದಾರಿಯೊಂದುಂಟು: ಎಂಜಿನ್ನಿನ ಸುತ್ತನ್ನೂ ಗೇರ್‌ಬಾಕ್ಸಿಗೆ ಹೋಗುವ ಶಾಫ್ಟಿನ ಸುತ್ತನ್ನೂ ಒಟ್ಟಿಗೆ ದಾಖಲಿಸಿದರೆ, ಅವೆರಡರ ಅಂತರವೇ ಕ್ಲಚ್ಚಿನ ಜಾರಿಕೆ. ಮುರಿದ ದಿನದ ದಾಖಲೆಯೊಂದೇ ಸಾಲದು. ಮುರಿಯದೆ ಮರಳಿದ ದಿನಗಳದೂ ಬೇಕು. ಪ್ರಬಂಧಗಳು ಆರಂಭವಾಗುವ ಮುನ್ನ ಈ ತುಂಡು ನಿಮ್ಮ ಕೈಯಿಂದ ಕೈಗೆ ಬರುವುದು. ಹಲ್ಲಿನ ಮೇಲೆ ಒಮ್ಮೆ ಬೆರಳಾಡಿಸಿ ಪಕ್ಕದವರಿಗೆ ದಾಟಿಸಬೇಕೆಂದು ಬೇಡಿ ವಿರಮಿಸುವೆನು.