ವರಮಾನ ತೆರಿಗೆಯೂ ಸ್ಥಳೀಯ ಸ್ವಾಯತ್ತತೆಯೂ



ಸುಗ್ಗಿಯ ಕಾಲದಲ್ಲಿ ರೈತನೊಬ್ಬನು ಮಠದ ದಾಸೋಹಕ್ಕೆ ಒಂದು ಚೀಲ ಜೋಳವನ್ನು ತಂದು ಒಪ್ಪಿಸುತ್ತಾನೆ. ಆ ಜೋಳವು ರೊಟ್ಟಿಯಾಗಿ ಪಂಕ್ತಿಗೆ ಬರುವುದನ್ನು ಆತನು ಕಣ್ಣಾರೆ ಕಾಣುತ್ತಾನೆ. ಸಂದೇಹ ಬಂದರೆ ಉಗ್ರಾಣದವನನ್ನು ಕೇಳಿಯೂ ಕೇಳುತ್ತಾನೆ. ಅದೇ ರೈತನ ಮಗನು ಪಟ್ಟಣದಲ್ಲಿ ಉದ್ಯೋಗಸ್ಥನಾಗಿ ವರಮಾನ ತೆರಿಗೆಯನ್ನು ಕೊಡುತ್ತಾನೆ. ಸಂಬಳವು ಕೈಸೇರುವುದಕ್ಕೆ ಮೊದಲೇ ಆ ಹಣವು ಮುರಿದುಕೊಳ್ಳಲ್ಪಟ್ಟು ದೂರದ ಬೊಕ್ಕಸವನ್ನು ಸೇರುತ್ತದೆ. ಅದರಿಂದ ಯಾವ ಊರಿನ ಯಾವ ಶಾಲೆಯ ಮಾಡು ನಿಂತಿತೆಂಬುದನ್ನು ಆತನು ಅರಿಯನು. ದಾಸೋಹವು ಸ್ವೇಚ್ಛೆಯ ಸಮರ್ಪಣೆ. ತೆರಿಗೆಯಾದರೋ ಕಾಯಿದೆಯ ಬಲದಿಂದ ಪಡೆಯುವ ಹಣ. ಎರಡೂ ಒಂದೇ ಅಲ್ಲ. ಆದರೂ ಕೊಟ್ಟವನಿಗೆ ವಿನಿಯೋಗವು ಕಾಣಬೇಕೆಂಬ ನ್ಯಾಯವು ಎರಡಕ್ಕೂ ಸಮಾನವಾದುದು. ಈ ನ್ಯಾಯವನ್ನೇ ಮೂಲವಾಗಿ ಹಿಡಿದು ಹುಟ್ಟಿದ ರಾಜನೀತಿಯ ಪಕ್ಷವೊಂದುಂಟು. ಊರವರು ನಡೆಸಬಲ್ಲ ಕಾರ್ಯವನ್ನು ರಾಜಧಾನಿಯು ನಡೆಸಬಾರದು. ವೆಚ್ಚಮಾಡುವವನು ತೆರಿಗೆ ಕೊಡುವವನ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕು. ಇದು ಆ ಪಕ್ಷದ ಸಾರ. ವರಮಾನ ತೆರಿಗೆಯ ವಿಷಯದಲ್ಲಿ ಈ ಪಕ್ಷವು ಎಷ್ಟರಮಟ್ಟಿಗೆ ಸಾಧುವಾದುದು, ಎಲ್ಲಿ ಅದಕ್ಕೆ ಮೇರೆ, ಎಂಬುದು ಇಂದಿನ ವಿಚಾರ.

ಈ ಪಕ್ಷವು ನೂತನವಾದುದೆಂದು ತಿಳಿಯಬೇಕಾಗಿಲ್ಲ. ಕನ್ನಡನಾಡಿನ ಶಾಸನಗಳಲ್ಲಿ ಬಿತ್ತುವಟ್ಟ, ದಶವಂದ ಎಂಬ ಮಾತುಗಳು ಬರುತ್ತವೆ. ಕೆರೆಯನ್ನು ಕಟ್ಟುವುದಕ್ಕೂ ಕಾಪಾಡುವುದಕ್ಕೂ ಭೂಮಿಯನ್ನಾಗಲಿ ಬೆಳೆಯ ಒಂದು ಭಾಗವನ್ನಾಗಲಿ ಮೀಸಲಿಡುತ್ತಿದ್ದ ಏರ್ಪಾಡುಗಳಿವು. ಗಾಂಧೀಜಿಯವರ ಅನುಯಾಯಿಗಳೂ ಲೆಕ್ಕಶಾಸ್ತ್ರದಲ್ಲಿ ನುರಿತವರೂ ಆದ ಜೆ. ಸಿ. ಕುಮಾರಪ್ಪನವರು ತೆರಿಗೆಯ ರೂಪಾಯಿಯು ಯಾರ ಕೈಯಿಂದ ಹೊರಟು ಯಾರ ಕೈಯನ್ನು ಸೇರುತ್ತದೆಂದು ವಿಚಾರಿಸಿದುದೂ ಈ ದೃಷ್ಟಿಯಿಂದಲೇ.

ವರಮಾನ ತೆರಿಗೆಯಲ್ಲಿ ಈ ತತ್ತ್ವವನ್ನು ಆಚರಣೆಗೆ ತಂದ ದೇಶಗಳಲ್ಲಿ ಸ್ವಿಟ್ಜರ್ಲೆಂಡು ಮುಖ್ಯವಾದುದು. ಅಲ್ಲಿ 26 ಕ್ಯಾಂಟನ್ನುಗಳೆಂಬ ಪ್ರಾಂತಗಳೂ, ಅವುಗಳ ಒಳಗೆ ಎರಡು ಸಾವಿರಕ್ಕೂ ಮಿಕ್ಕಿದ ಗ್ರಾಮನಗರ ಸಂಸ್ಥೆಗಳೂ ಇವೆ. ಪ್ರಜೆಯು ತನ್ನ ವರಮಾನದ ಮೇಲೆ ಊರಿಗೊಂದು, ಕ್ಯಾಂಟನ್ನಿಗೊಂದು, ದೇಶಕ್ಕೊಂದು ಹೀಗೆ ಮೂರು ತೆರಿಗೆಗಳನ್ನು ಸಲ್ಲಿಸುತ್ತಾನೆ. ಅನೇಕ ಊರುಗಳಲ್ಲಿ ಪ್ರಜೆಗಳು ಸಭೆ ಸೇರಿ, ಮುಂದಿನ ವರ್ಷದ ಆಯವ್ಯಯವನ್ನು ಪರಿಶೀಲಿಸಿ, ತೆರಿಗೆಯ ಪ್ರಮಾಣವನ್ನು ಕೈಯೆತ್ತಿ ನಿರ್ಣಯಿಸುತ್ತಾರೆ. ಗ್ಲಾರೂಸ್ ಎಂಬ ಕ್ಯಾಂಟನ್ನಿನಲ್ಲಿಯಂತೂ ಮೇ ತಿಂಗಳಿನಲ್ಲಿ ಬಯಲಿನಲ್ಲಿ ನೆರೆಯುವ ಮಹಾಸಭೆಯೇ ಕ್ಯಾಂಟನ್ನಿನ ತೆರಿಗೆಯನ್ನು ಗೊತ್ತುಪಡಿಸುತ್ತದೆ. ಇಡೀ ದೇಶದ ವರಮಾನ ತೆರಿಗೆಯಾದರೋ ಒಂದನೆಯ ಮಹಾಯುದ್ಧದ ವೆಚ್ಚಕ್ಕಾಗಿ 1915ರಲ್ಲಿ ಪ್ರಜೆಗಳು ಒಪ್ಪಿದ ತಾತ್ಕಾಲಿಕ ತೆರಿಗೆಯಿಂದ ಮೊದಲಾದುದು. ಅದು ನೆಲೆನಿಂತ ಮೇಲೂ ಅವಧಿಯಿಲ್ಲದ ಅಧಿಕಾರವಾಗಲಿಲ್ಲ. 2018ರ ಮತದಾನದಲ್ಲಿ ಅದನ್ನು 2035ರ ಕೊನೆಯವರೆಗೆ ಮಾತ್ರ ಮುಂದುವರಿಸಲಾಯಿತು. ಕೊಡುವವನನ್ನು ಮರಳಿ ಮರಳಿ ಕೇಳಿ ಪಡೆಯುವ ಈ ಪದ್ಧತಿಯು ಸ್ಥಳೀಯ ಪಕ್ಷದ ದೊಡ್ಡ ಗುಣ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಊರೂರಿಗೆ ತೆರಿಗೆಯು ಬೇರೆಯಾದರೆ ಧನಿಕನು ತೆರಿಗೆ ಕಡಮೆಯಿರುವ ಊರಿಗೆ ಹೋಗಿ ನೆಲೆಸುವನು. ಹೊಲವನ್ನು ಬಿಟ್ಟು ಹೋಗಲಾರದ ಬಡವನು ಇದ್ದಲ್ಲಿಯೇ ಹೆಚ್ಚು ತೆತ್ತುಕೊಂಡಿರುವನು. ಈ ಆಕ್ಷೇಪವು ಕಲ್ಪಿತವಾದುದಲ್ಲ. ಓಬ್ವಾಲ್ಡೆನ್ ಎಂಬ ಸಣ್ಣ ಕ್ಯಾಂಟನ್ನಿನವರು ಧನಿಕರನ್ನು ಬರಮಾಡಿಕೊಳ್ಳಬೇಕೆಂಬ ಇಚ್ಛೆಯಿಂದ, ಬಹಳ ದೊಡ್ಡ ವರಮಾನಗಳ ಮೇಲೆ ತೆರಿಗೆಯ ಪ್ರಮಾಣವು ಕೆಳಗಿಳಿಯುವಂತಹ ಕಾಯಿದೆಯನ್ನು 2005ರಲ್ಲಿ ಬಹುಮತದಿಂದ ಅಂಗೀಕರಿಸಿದರು. 2007ರಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯವು, ಶಕ್ತಿಗೆ ತಕ್ಕಂತೆ ತೆರಿಗೆ ಎಂಬ ರಾಜ್ಯಾಂಗದ ತತ್ತ್ವಕ್ಕೆ ಇದು ವಿರುದ್ಧವೆಂದು ಆ ಕಾಯಿದೆಯನ್ನು ತಳ್ಳಿಹಾಕಿತು. ಊರವರೆಲ್ಲರೂ ಕೈಯೆತ್ತಿದ ಮಾತ್ರಕ್ಕೆ ಅನ್ಯಾಯವು ನ್ಯಾಯವಾಗದು ಎಂಬುದೇ ಈ ತೀರ್ಪಿನಿಂದ ಗ್ರಹಿಸತಕ್ಕ ಅರ್ಥ. ಅಲ್ಲದೆ, ಬಲವುಳ್ಳ ಕ್ಯಾಂಟನ್ನುಗಳೂ ದೇಶದ ಸರಕಾರವೂ ದುರ್ಬಲ ಕ್ಯಾಂಟನ್ನುಗಳಿಗೆ ನೆರವು ನೀಡುವ ಸಮೀಕರಣದ ಏರ್ಪಾಡನ್ನು ಅಲ್ಲಿಯ ಪ್ರಜೆಗಳು 2004ರಲ್ಲಿ ಮತವಿತ್ತು ಒಪ್ಪಿದರು. ಅದು 2008ರಿಂದ ಜಾರಿಗೆ ಬಂದಿತು. ಸ್ಥಳೀಯ ಸ್ವಾತಂತ್ರ್ಯವನ್ನು ಅಷ್ಟು ಗಾಢವಾಗಿ ಪ್ರೀತಿಸುವ ಜನರೇ ಹಂಚಿಕೆಯನ್ನೂ ಒಪ್ಪಿದರೆಂಬುದು ಗಮನಾರ್ಹ.

ಇನ್ನು ಭಾರತದ ಸ್ಥಿತಿಯನ್ನು ನೋಡುವ. 1860ರಲ್ಲಿ ಜೇಮ್ಸ್ ವಿಲ್ಸನ್ನನು ಈ ದೇಶಕ್ಕೆ ವರಮಾನ ತೆರಿಗೆಯನ್ನು ತಂದಾಗ, 1857ರ ದಂಗೆಯಿಂದ ಬರಿದಾದ ಬೊಕ್ಕಸವನ್ನು ತುಂಬುವುದು ಅದರ ಉದ್ದೇಶವಾಗಿದ್ದಿತು. ಊರಿನ ಹಿತವು ಅದಕ್ಕೆ ಮೂಲವಾಗಿರಲಿಲ್ಲ. ಸ್ವತಂತ್ರ ಭಾರತದ ಸಂವಿಧಾನವು ಬೇಸಾಯದ ವರಮಾನದ ಮೇಲಣ ತೆರಿಗೆಯನ್ನು ರಾಜ್ಯಗಳಿಗೂ, ಉಳಿದ ವರಮಾನದ ಮೇಲಣ ತೆರಿಗೆಯನ್ನು ಕೇಂದ್ರಕ್ಕೂ ವಹಿಸಿತು. ಪಂಚಾಯತಿಗೆ ವರಮಾನವನ್ನು ಮುಟ್ಟಲು ಉಳಿದುದು ಒಂದೇ ಕಿರುಬಾಗಿಲು. ಅದು 276ನೆಯ ಅನುಚ್ಛೇದದ ವೃತ್ತಿ ತೆರಿಗೆ. ಒಬ್ಬನಿಂದ ವರ್ಷಕ್ಕೆ 250 ರೂಪಾಯಿಗೆ ಮೀರದಂತೆ ಎಂದಿದ್ದ ಅದರ ಮಿತಿಯನ್ನು 1988ರಲ್ಲಿ 2500 ರೂಪಾಯಿಗೆ ಏರಿಸಲಾಯಿತು. ಕೇರಳದಲ್ಲಿ ಈ ತೆರಿಗೆಯನ್ನು ಗ್ರಾಮ ಪಂಚಾಯತಿಯೇ ವಸೂಲುಮಾಡುವ ಪದ್ಧತಿಯಿದ್ದರೆ, ಕರ್ನಾಟಕದಲ್ಲಿ 1976ರ ಕಾಯಿದೆಯ ಪ್ರಕಾರ ಅದು ರಾಜ್ಯ ಸರಕಾರದ ತೆರಿಗೆ. 1992ರ 73ನೆಯ ತಿದ್ದುಪಡಿಯು ಪಂಚಾಯತಿಗೆ ಸಂವಿಧಾನದಲ್ಲಿ ಪೀಠವನ್ನೇನೋ ಕೊಟ್ಟಿತು. ಯಾವ ತೆರಿಗೆಯನ್ನು ಅದಕ್ಕೆ ಬಿಟ್ಟುಕೊಡಬೇಕೆಂಬುದನ್ನು ರಾಜ್ಯದ ಶಾಸನಸಭೆಗೇ ಬಿಟ್ಟಿತು. ದಿಲ್ಲಿಯನ್ನು ಕುರಿತು ರಾಜ್ಯಗಳು ಆಡುವ ದೂರನ್ನೇ ಗ್ರಾಮವು ರಾಜ್ಯವನ್ನು ಕುರಿತು ಆಡಬಹುದಾಗಿದೆ.

ಕೇಂದ್ರವು ಸಂಗ್ರಹಿಸಿದ ಹಣವನ್ನು ಹಂಚುವ ನ್ಯಾಯ ಯಾವುದು? 1952ರಲ್ಲಿ ವರದಿಯಿತ್ತ ಮೊದಲನೆಯ ಹಣಕಾಸು ಆಯೋಗವು ವರಮಾನ ತೆರಿಗೆಯ ನಿವ್ವಳ ಹುಟ್ಟುವಳಿಯಲ್ಲಿ ನೂರಕ್ಕೆ 55 ಭಾಗವನ್ನು ರಾಜ್ಯಗಳಿಗೆಂದು ಗೊತ್ತುಮಾಡಿತು. ರಾಜ್ಯಗಳ ಆ ಪಾಲಿನಲ್ಲಿ ನೂರಕ್ಕೆ 80ನ್ನು ಜನಸಂಖ್ಯೆಯ ಮೇರೆಗೂ, 20ನ್ನು ಎಲ್ಲೆಲ್ಲಿ ಎಷ್ಟು ವಸೂಲಾಯಿತೋ ಅದರ ಮೇರೆಗೂ ಹಂಚಬೇಕೆಂದಿತು. ಎರಡನೆಯ ಆಯೋಗವು ಇದನ್ನು 90 ಮತ್ತು 10 ಎಂದು ಬದಲಿಸಿತು. ವಸೂಲಾದ ಸ್ಥಳಕ್ಕೆ ಅಲ್ಪಭಾಗವನ್ನೇ ಕೊಟ್ಟುದೇಕೆ? ಹಣವು ಎಣಿಸಲ್ಪಡುವ ಸ್ಥಳ ಬೇರೆ, ಹುಟ್ಟುವ ಸ್ಥಳ ಬೇರೆಯಾಗಿರಬಹುದಾದುದರಿಂದ. ರಾಯಚೂರಿನ ಹೊಲದಲ್ಲಿ ಬಿಡಿಸಿದ ಹತ್ತಿಯು ಬೇರೊಂದೂರಿನಲ್ಲಿ ಬಟ್ಟೆಯಾಗಿ, ಹತ್ತಾರು ಊರುಗಳಲ್ಲಿ ಮಾರಾಟವಾಗಿ, ಕೊನೆಗೆ ಅದರ ಲಾಭವು ಮಹಾನಗರದ ಕಚೇರಿಯ ಪುಸ್ತಕದಲ್ಲಿ ಬರೆಯಲ್ಪಡುತ್ತದೆ. ಪುಸ್ತಕವಿರುವ ಊರೇ ಲಾಭದ ತಾಯಿಯೆಂದರೆ ಹತ್ತಿ ಬೆಳೆದವಳ ಬೆವರಿಗೆ ಲೆಕ್ಕವೆಲ್ಲಿ?

ಮತ್ತೊಂದು ಆಕ್ಷೇಪವು ಇನ್ನೂ ಗಂಭೀರವಾದುದು. 1948ರ ನವೆಂಬರ್ 4ರಂದು ಡಾಕ್ಟರ್ ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ, ಗ್ರಾಮವನ್ನು ಸಂಕುಚಿತ ಬುದ್ಧಿಯ ಬೀಡೆಂದು ಕಟುವಾಗಿ ಖಂಡಿಸಿದರು. ಊರಿನ ಹೊರಗೆ ಇರಿಸಲ್ಪಟ್ಟವರ ನೋವನ್ನು ಅರಿತವರ ಮಾತು ಅದು. ಅದನ್ನು ಅಲ್ಲಗಳೆಯಲು ಸಾಧ್ಯವಿಲ್ಲ. ತೆರಿಗೆಯನ್ನು ಊರವರೇ ವೆಚ್ಚಮಾಡುವುದಾದರೆ, ಊರವರು ಎಂಬ ಮಾತಿನಲ್ಲಿ ಕೇರಿಯವರೂ ಸೇರಿರಬೇಕು. ಇಲ್ಲವಾದರೆ ದೂರದ ಅರಸನ ಬದಲಿಗೆ ಹತ್ತಿರದ ಗೌಡನ ದಬ್ಬಾಳಿಕೆಯಾದೀತು. ಅದೇ ತಿಂಗಳ 22ರಂದು ಸಭೆಯು ಗ್ರಾಮ ಪಂಚಾಯತಿಗಳ ವಿಷಯಕವಾದ, ಮುಂದೆ 40ನೆಯದಾದ ಅನುಚ್ಛೇದವನ್ನು ಅಂಗೀಕರಿಸಿತು. ಆ ಆಕ್ಷೇಪವೂ ಈ ಅನುಚ್ಛೇದವೂ ಜೊತೆಯಾಗಿ ಓದತಕ್ಕವು.

ಈ ವಿಚಾರವು ಕನ್ನಡನಾಡಿನ ಮನೆಬಾಗಿಲಿಗೂ ಬಂದಿದೆ. ಕೇಂದ್ರದ ತೆರಿಗೆಗಳಲ್ಲಿ ರಾಜ್ಯಗಳೆಲ್ಲಕ್ಕೂ ಸಲ್ಲುವ ಪಾಲಿನಲ್ಲಿ ಕರ್ನಾಟಕದ ಭಾಗವು 14ನೆಯ ಆಯೋಗದ ಕಾಲದಲ್ಲಿ ನೂರಕ್ಕೆ 4.713 ಇದ್ದುದು, 15ನೆಯ ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಮಾಡಿದ ಶಿಫಾರಸಿನಲ್ಲಿ 3.647ಕ್ಕೆ ಇಳಿಯಿತು. ಇದನ್ನು ಕುರಿತು 2024ರ ಫೆಬ್ರವರಿಯಲ್ಲಿ ರಾಜ್ಯದ ಸರಕಾರವೇ ದಿಲ್ಲಿಯಲ್ಲಿ ಪ್ರತಿಭಟಿಸಿತು. ಕೊಟ್ಟವನು ಲೆಕ್ಕ ಕೇಳುವುದು ಧರ್ಮವೇ ಸರಿ. ಆದರೆ ಕೇಳಿದವನು ತಾನೂ ಲೆಕ್ಕ ಒಪ್ಪಿಸಬೇಕಾಗುತ್ತದೆ. ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ರಾಜ್ಯದ 175 ತಾಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. ದಿಲ್ಲಿಯ ಮುಂದೆ ತನ್ನ ಪಾಲನ್ನು ಕೇಳುವ ಬೆಂಗಳೂರಿನ ಮುಂದೆ, ಆ ತಾಲೂಕುಗಳು ಬಂದು ತಮ್ಮ ಪಾಲನ್ನು ಕೇಳಿದರೆ, ಇಲ್ಲಿಯ ತೆರಿಗೆಯು ಇಲ್ಲಿಗೇ ಎಂಬ ಉತ್ತರವು ಸಲ್ಲುವುದೇ? ಒಂದೇ ಬಾಯಲ್ಲಿ ಎರಡು ನ್ಯಾಯ ಸಲ್ಲದು.

ಹಾಗಾದರೆ ಸಿದ್ಧಾಂತವೇನು? ಅದನ್ನು ಹಿರಿಯರು ಕಟ್ಟಿದ ಕೆರೆಗಳೇ ಹೇಳುತ್ತವೆ. ಕೆರೆಗೆ ತೂಬೂ ಉಂಟು, ಕೋಡಿಯೂ ಉಂಟು. ತೂಬಿನ ನೀರು ತನ್ನ ಊರಿನ ಗದ್ದೆಗೆ. ಅದನ್ನು ಯಾವಾಗ ಎಷ್ಟು ಬಿಡಬೇಕೆಂಬುದು ಆ ಊರವರ ನಿರ್ಣಯ. ಕೋಡಿಯ ನೀರು ಕೆಳಗಣ ಊರಿನ ಕೆರೆಗೆ. ಅದನ್ನು ತಡೆಯುವ ಹಕ್ಕು ಮೇಲಣ ಊರಿಗಿಲ್ಲ. ತೂಬಿಲ್ಲದ ಕೆರೆಯು ಊರಿಗೆ ನಿರುಪಯೋಗ. ಕೋಡಿಯಿಲ್ಲದ ಕೆರೆಯು ತನ್ನ ಏರಿಯನ್ನೇ ಒಡೆದುಕೊಂಡು ಎರಡೂ ಊರುಗಳನ್ನು ಹಾಳುಮಾಡುತ್ತದೆ. ಭಾರತದ ವರಮಾನ ತೆರಿಗೆಗೆ ಕೋಡಿಯು ಹಣಕಾಸು ಆಯೋಗದ ರೂಪದಲ್ಲಿ ಇದೆ. ಅದರ ಎತ್ತರವನ್ನು ಕುರಿತು ವಾದವಿದ್ದರೆ ಇರಲಿ. ಗ್ರಾಮದ ತೂಬು ಮಾತ್ರ ಇನ್ನೂ ಬಲು ಕಿರಿದು. ಆದುದರಿಂದ ಸ್ಥಳೀಯ ಸ್ವಾಯತ್ತತೆಯನ್ನು ಪ್ರೀತಿಸುವವರು ಕೇಳತಕ್ಕುದು ಕೋಡಿಯನ್ನು ಮುಚ್ಚಿರೆಂದಲ್ಲ, ತೂಬನ್ನು ತೆರೆಯಿರೆಂದು. ಪಂಚಾಯತಿಗೆ ನಿಶ್ಚಿತವಾದ ಪಾಲು ದೊರೆಯಲಿ; ಅದರ ಲೆಕ್ಕವು ಗ್ರಾಮಸಭೆಯಲ್ಲಿ, ಕೇರಿಯ ಹೆಣ್ಣುಮಗಳೊಬ್ಬಳು ಎದ್ದುನಿಂತು ಕೇಳುವಂತೆ, ಎಲ್ಲರೆದುರು ಓದಲ್ಪಡಲಿ. ಆಗ ದಾಸೋಹದ ರೈತನು ಪಂಕ್ತಿಯಲ್ಲಿ ಕಂಡುದನ್ನು, ಪಟ್ಟಣದಲ್ಲಿರುವ ಅವನ ಮಗನೂ ತನ್ನ ತೆರಿಗೆಯಲ್ಲಿ ಕಂಡಾನು.

ಸರ್ವರಿಗೂ ಮಂಗಳವಾಗಲಿ.